ಕಂಬದ ಹಿಂದಿನ ಸೀಟು

2007ರ ಆಗಸ್ಟ್ ತಿಂಗಳಲ್ಲಿ ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ಮನೆಗೆ ಒಂದು ಮತಪತ್ರ ಬಂತು. ಲಿವರ್‌ಪೂಲ್ ನಗರದ ಗಡಿಯಾಚೆ, ಕರ್ಕ್‌ಬಿ ಎಂಬ ಊರಿನಲ್ಲಿ, ಟೆಸ್ಕೊ ಸೂಪರ್‌ಮಾರ್ಕೆಟ್ ಕಂಪನಿಯ ಜೊತೆ ಸೇರಿ ಹೊಸ ಸ್ಟೇಡಿಯಂ ಕಟ್ಟುವ ಯೋಜನೆಯಿದೆ, ನಿಮಗೆ ಒಪ್ಪಿಗೆಯೋ ಇಲ್ಲವೋ ಎಂಬುದು ಪ್ರಶ್ನೆ. ಸುಮಾರು 25 ಸಾವಿರ ಮಂದಿ ಉತ್ತರಿಸಿದರು. ಶೇಕಡ 59ರಷ್ಟು ಜನ ಹೂಂ ಎಂದರು. ಕ್ಲಬ್ಬಿನವರು ಅದನ್ನು ಜನಾದೇಶ ಎಂದು ಹಿಡಿದುಕೊಂಡು ಹೊರಟರು.

ಹೂಂ ಅಥವಾ ಉಹೂಂ, ಎರಡೇ ಮನೆ. ಇರುವ ಗುಡಿಸನ್ ಪಾರ್ಕನ್ನೇ ಸರಿಪಡಿಸಬಹುದೇ, ನಗರದೊಳಗೆ ಬೇರೆ ಜಾಗ ನೋಡಬಹುದೇ, ಅದಕ್ಕೆಲ್ಲ ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆಗಳಿಗೆ ಆ ಕಾಗದದಲ್ಲಿ ಜಾಗವಿರಲಿಲ್ಲ. ಸ್ಕಾಟ್‌ಲೆಂಡ್ ರೋಡ್ ಹತ್ತಿರದ ಒಂದು ಜಾಗದ ಮಾತು ಆಗಲೇ ಕೇಳಿಬಂದಿತ್ತು. ಅದು ಆಗದ ಕೆಲಸ ಎಂದು ತಳ್ಳಿಹಾಕಲಾಯಿತು. ಹುಡುಗಿಗೆ ಒಂದೇ ಗಂಡು ತೋರಿಸಿ, ನಿನ್ನಿಷ್ಟದಂತೆಯೇ ಮದುವೆ ಮಾಡುತ್ತಿದ್ದೇವೆ ಅನ್ನುವ ಹಾಗೆ. ಈ ಮತದಾನವನ್ನು ವಿರೋಧಿಸಿದವರು 'ಕೀಪ್ ಎವರ್ಟನ್ ಇನ್ ಅವರ್ ಸಿಟಿ' ಎಂಬ ಸಂಘಟನೆ ಕಟ್ಟಿಕೊಂಡರು. ಅವರಿಗೆ ಸಿಕ್ಕ ಬಿರುದು ಭಾವುಕರು, ಹಿಂದಕ್ಕೆ ನೋಡುವವರು, ಲೆಕ್ಕ ಬಾರದವರು.

2009ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಕರ್ಕ್‌ಬಿ ಯೋಜನೆಯನ್ನು ತಿರಸ್ಕರಿಸಿತು. ಅಭಿಮಾನಿಗಳ ಕಣ್ಣೀರಿಗೆ ಕರಗಿ ಅಲ್ಲ. ಅಷ್ಟು ದೊಡ್ಡ ಅಂಗಡಿ ಸಂಕೀರ್ಣ ಆ ಪುಟ್ಟ ಊರಿನ ಅಳತೆಗೆ ಮೀರಿದ್ದು, ಸುತ್ತಲ ಪಟ್ಟಣಗಳ ವ್ಯಾಪಾರಕ್ಕೆ ಪೆಟ್ಟು ಎಂಬ ಕಾರಣಕ್ಕೆ. ಅಂದರೆ ಯೋಜನೆ ಬಿದ್ದದ್ದು ವ್ಯವಹಾರದ ಲೆಕ್ಕದಲ್ಲೇ. ಇವತ್ತು ಎವರ್ಟನ್ ಆಡುತ್ತಿರುವುದು ಲಿವರ್‌ಪೂಲ್ ನಗರದ ಒಳಗೆ, ಮರ್ಸಿ ನದಿಯ ದಂಡೆಯ ಬ್ರ್ಯಾಮ್ಲಿ-ಮೂರ್ ಹಡಗುಕಟ್ಟೆಯ ಮೇಲೆ ಕಟ್ಟಿದ, 52 ಸಾವಿರಕ್ಕೂ ಹೆಚ್ಚು ಜನ ಕೂರುವ ಸ್ಟೇಡಿಯಮ್ಮಿನಲ್ಲಿ. ಹಾಗಾದರೆ 2007ರಲ್ಲಿ ವಾಸ್ತವವಾದಿಗಳು ಯಾರಾಗಿದ್ದರು?

ಈ ಪ್ರಶ್ನೆಯನ್ನು ನಾನು ವ್ಯಂಗ್ಯಕ್ಕಾಗಿ ಕೇಳುತ್ತಿಲ್ಲ. ಮೈದಾನದ ಚರ್ಚೆ ಎಲ್ಲಿ ಎದ್ದರೂ ಅದನ್ನು ಭಾವನೆ ಮತ್ತು ಲೆಕ್ಕಗಳ ನಡುವಿನ ಜಗಳವನ್ನಾಗಿ ಮಾಡಿಬಿಡುವ ಒಂದು ಚಾಳಿಯಿದೆ. ಒಂದು ಕಡೆ ಅಜ್ಜನ ಕೈಹಿಡಿದು ಪಂದ್ಯಕ್ಕೆ ಹೋದ ನೆನಪು, ಇನ್ನೊಂದು ಕಡೆ ಟಿಕೆಟ್ ಆದಾಯ, ಕಾರ್ಪೊರೇಟ್ ಬಾಕ್ಸ್, ಸಾಲದ ಬಡ್ಡಿ. ಹೀಗೆ ಎರಡು ಬುಟ್ಟಿ ಮಾಡಿಟ್ಟ ಕ್ಷಣವೇ ಅಭಿಮಾನಿ ಸೋತ. ಅವನ ಬಾಯಿಂದ ಏನೇ ಬಂದರೂ ಅದು ನೆನಪಿನ ಬುಟ್ಟಿಗೆ ಬೀಳುತ್ತದೆ. ರೈಲು ನಿಲ್ದಾಣ ಎಷ್ಟು ದೂರ, ಪಂದ್ಯ ಮುಗಿದ ಮೇಲೆ ಐವತ್ತು ಸಾವಿರ ಜನ ಮನೆಗೆ ಹೋಗುವುದು ಹೇಗೆ ಎಂದು ಕೇಳಿದರೂ ಅವನು ಭಾವುಕನೇ. ಕರ್ಕ್‌ಬಿಯ ವಿರೋಧಿಗಳು ಸಾರಿಗೆಯ ಬಗ್ಗೆಯೇ ವರ್ಷಗಟ್ಟಲೆ ಕೇಳುತ್ತಿದ್ದರು.

ಹಾಗೆಂದು ಗುಡಿಸನ್ ಪಾರ್ಕಿನ ಬಗ್ಗೆ ಶೋಕಗೀತೆ ಬರೆಯುವವರ ಪರ ನಾನು ನಿಂತಿಲ್ಲ. (ಕನ್ನಡದ ಕಿವಿಗೆ ಆ ಹೆಸರಿನಲ್ಲೇ ಒಂದು ಗುಡಿ ಕೇಳಿಸುತ್ತದೆ, ಇರಲಿ.) 1892ರಲ್ಲಿ ತೆರೆದ ಆ ಮೈದಾನದ ಮೂರು ದಿಕ್ಕಿಗೂ ಒತ್ತಿಕೊಂಡು ಸಾಲುಮನೆಗಳು. ಮೂಲೆಯಲ್ಲಿ ಸಂತ ಲೂಕನ ಚರ್ಚು ಎರಡು ಸ್ಟ್ಯಾಂಡುಗಳ ನಡುವೆ ಭುಜ ತೂರಿಸಿ ನಿಂತಿದೆ. ಆರ್ಚಿಬಾಲ್ಡ್ ಲೀಚ್ ವಿನ್ಯಾಸ ಮಾಡಿದ ಸ್ಟ್ಯಾಂಡಿನ ಕಬ್ಬಿಣದ ಜಾಲರಿಯನ್ನು ಫೋಟೊದಲ್ಲಿ ನೋಡುವುದು ಚೆಂದ. ಆದರೆ ಆ ಚೆಂದದ ಹಿಂದೆ ಛಾವಣಿಯನ್ನು ಹೊತ್ತ ಕಂಬಗಳಿವೆ. ಕಂಬದ ಹಿಂದಿನ ಸೀಟಿನಲ್ಲಿ ಕೂತವನಿಗೆ ಗೋಲು ಕಾಣುವುದಿಲ್ಲ, ಗೋಲಾದ ಸದ್ದಷ್ಟೇ ಕೇಳುತ್ತದೆ. ಆ ಸೀಟಿಗೂ ದುಡ್ಡು ಕೊಡಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ಜಾಗ ಕಡಿಮೆ, ಶೌಚಾಲಯದ ಸಾಲು ಉದ್ದ. ದೂರದಿಂದ ಟಿವಿಯಲ್ಲಿ ನೋಡಿ ಆಹಾ ಹಳೆಯ ಇಂಗ್ಲೆಂಡ್ ಎನ್ನುವ ನಮ್ಮಂಥವರು ಆ ಕಂಬದ ಹಿಂದೆ ಒಂದು ಚಳಿಗಾಲ ಕೂತವರಲ್ಲ. ಹಳೆಯದೆಲ್ಲ ಹಾಗೇ ಇರಲಿ ಎನ್ನುವುದು ಅಲ್ಲಿ ವಾಸವಿಲ್ಲದವರ ಐಷಾರಾಮ. ನಮ್ಮ ಊರುಗಳ ತೊಟ್ಟಿಮನೆಗಳ ಬಗ್ಗೆ ಬರೆಯುವವರಲ್ಲೂ ಈ ಕಾಯಿಲೆ ಇದೆ. ಆ ಮನೆಯ ಅಡುಗೆಮನೆಯ ಹೊಗೆ ಕುಡಿದವರು ಅಷ್ಟು ಸುಲಭಕ್ಕೆ ಹನಿಗಣ್ಣಾಗುವುದಿಲ್ಲ.

ಆದರೂ ಗುಡಿಸನ್‌ನಲ್ಲಿ ಸಾಗಿಸಲಾಗದ್ದು ಒಂದಿತ್ತು. ಆ ಮೈದಾನದ ಅಂಚಿನ ಮಣ್ಣಿನಲ್ಲಿ ಎಂಟುನೂರಕ್ಕೂ ಹೆಚ್ಚು ಅಭಿಮಾನಿಗಳ ಚಿತಾಭಸ್ಮವಿದೆ. 2004ರಲ್ಲಿ ಜಾಗ ಸಾಲದೆ ಆ ಪದ್ಧತಿಯನ್ನು ನಿಲ್ಲಿಸಬೇಕಾಯಿತು. ಕ್ಲಬ್ಬಿನ ಅತಿದೊಡ್ಡ ಗೋಲುಗಾರ ಡಿಕ್ಸಿ ಡೀನ್ 1980ರಲ್ಲಿ ಲಿವರ್‌ಪೂಲ್ ವಿರುದ್ಧದ ಪಂದ್ಯ ನೋಡಲು ಬಂದು ಅಲ್ಲೇ ಕೊನೆಯುಸಿರೆಳೆದ. ಮುಳುಗಡೆಯ ಕಥೆ ಕಾದಂಬರಿಗಳನ್ನು ಓದಿ ಬೆಳೆದ ನಮಗೆ ಇದು ಥಟ್ಟನೆ ತಾಗುತ್ತದೆ. ಹೋಲಿಕೆಯನ್ನು ಎಳೆಯುವುದು ಬೇಡ, ಇಲ್ಲಿ ಯಾರೂ ಮನೆ ಹೊಲ ಕಳೆದುಕೊಂಡಿಲ್ಲ. ಆದರೆ ಸತ್ತವರನ್ನು ಮಣ್ಣಿಗೆ ಕೊಟ್ಟ ಜಾಗವನ್ನು 'ಆಸ್ತಿ' ಎಂಬ ಒಂದೇ ಕಾಲಮ್ಮಿನಲ್ಲಿ ಬರೆಯುವ ಲೆಕ್ಕ ಪೂರ್ತಿ ಲೆಕ್ಕವಲ್ಲ ಎಂದಷ್ಟೇ ಹೇಳುತ್ತೇನೆ.

ಇಲ್ಲಿ ಸ್ಥಾವರ ಜಂಗಮದ ವಾದ ತರುವ ಗೆಳೆಯರಿದ್ದಾರೆ. ಕ್ಲಬ್ಬು ಜಂಗಮ, ಮೈದಾನ ಸ್ಥಾವರ. ಕಲ್ಲು ಇಟ್ಟಿಗೆಗೆ ಅಂಟಿಕೊಳ್ಳುವುದೇಕೆ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬಸವಣ್ಣನ ಆ ವಚನದಲ್ಲಿ ಜಗಳವಿರುವುದು ಕಲ್ಲಿನ ಜೊತೆಗಲ್ಲ, ಕಲ್ಲು ಕಟ್ಟಿಸುವ ಹಣದ ಜೊತೆ. ಹೊಸ ಸ್ಟೇಡಿಯಮ್ಮೂ ಸ್ಥಾವರವೇ, ಹಳೆಯದಕ್ಕಿಂತ ದೊಡ್ಡ ಸ್ಥಾವರ. ಅದರ ಹೆಸರನ್ನೂ ಮಾರಲಾಗಿದೆ. ಎವರ್ಟನ್‌ನ ಹೊಸ ಮನೆಗೆ ಇಟ್ಟಿರುವುದು ಹಿಲ್ ಡಿಕಿನ್ಸನ್ ಎಂಬ ಕಾನೂನು ಸಂಸ್ಥೆಯ ಹೆಸರು. ವಚನವನ್ನು ಮಾಲೀಕನ ಪರ ವಕೀಲಿಗೆ ಬಳಸುವ ಮುನ್ನ ಯಾರು ಕಟ್ಟಿಸುತ್ತಿದ್ದಾರೆ, ಯಾರ ಕೂಲಿಯಲ್ಲಿ, ಯಾರ ಹೆಸರಿನಲ್ಲಿ ಎಂದು ಕೇಳಬೇಕಲ್ಲವೇ?

ಎವರ್ಟನ್‌ನ ಚರಿತ್ರೆಯೇ ಈ ವಾದಕ್ಕೆ ಇನ್ನೊಂದು ಉತ್ತರ. 1892ಕ್ಕೆ ಮೊದಲು ಅವರ ಮೈದಾನ ಆನ್‌ಫೀಲ್ಡ್. ಜಮೀನಿನ ಮೇಲೆ ಹಿಡಿತವಿದ್ದ, ಬಿಯರ್ ತಯಾರಿಸುತ್ತಿದ್ದ ಜಾನ್ ಹೌಲ್ಡಿಂಗ್ ಜೊತೆ ಬಾಡಿಗೆಯ ಜಗಳವಾಯಿತು. ಕ್ಲಬ್ಬಿನವರು ಗಂಟುಮೂಟೆ ಕಟ್ಟಿ ಸ್ಟ್ಯಾನ್ಲಿ ಪಾರ್ಕಿನ ಆಚೆಬದಿಗೆ ಹೋದರು. ಖಾಲಿ ಮೈದಾನ ಇಟ್ಟುಕೊಂಡ ಹೌಲ್ಡಿಂಗ್ ಹೊಸದೊಂದು ತಂಡ ಕಟ್ಟಿದ, ಅದೇ ಲಿವರ್‌ಪೂಲ್ ಎಫ್‌ಸಿ. ಜಾಗ ಬಿಡುವುದು ಅವರಿಗೆ ಹೊಸದೇನಲ್ಲ. ಆದರೆ ಅಂದು ಬಿಟ್ಟದ್ದು ಜಮೀನುದಾರನ ಮಾತು ಕೇಳಲಾರದೆ, ಸದಸ್ಯರು ಸಭೆ ಸೇರಿ ಮಾಡಿದ ತೀರ್ಮಾನದಿಂದ. ಹೊರಡುವುದು ತಪ್ಪಲ್ಲ. ಹೊರಡಿ ಎಂದವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇದನ್ನು ಅರ್ಥ ಮಾಡಿಕೊಂಡವರು ಲಂಡನ್ನಿನ ಚಾರ್ಲ್ಟನ್ ಅಥ್ಲೆಟಿಕ್ ಅಭಿಮಾನಿಗಳು. 1985ರಲ್ಲಿ ಅವರ ಕ್ಲಬ್ಬು 'ದಿ ವ್ಯಾಲಿ' ಮೈದಾನ ಬಿಟ್ಟು ಕ್ರಿಸ್ಟಲ್ ಪ್ಯಾಲೆಸ್‌ನವರ ಸೆಲ್‌ಹರ್ಸ್ಟ್ ಪಾರ್ಕಿಗೆ ಬಾಡಿಗೆಗೆ ಹೋಯಿತು. ಸುದ್ದಿ ಅಭಿಮಾನಿಗಳಿಗೆ ತಲುಪಿದ್ದು ಪಂದ್ಯದ ದಿನ ಕೈಗೆ ತುರುಕಿದ ಕರಪತ್ರದಿಂದ. ಮುಂದೆ ಕ್ಲಬ್ಬೇ ಮರಳಲು ಬಯಸಿದಾಗ ಗ್ರೀನಿಚ್ ಪುರಸಭೆ ಅನುಮತಿ ಕೊಡಲಿಲ್ಲ. ಅಭಿಮಾನಿಗಳು ಕವಿತೆ ಬರೆಯುತ್ತ ಕೂರಲಿಲ್ಲ. 'ವ್ಯಾಲಿ ಪಾರ್ಟಿ' ಎಂಬ ರಾಜಕೀಯ ಪಕ್ಷ ಕಟ್ಟಿ 1990ರ ಪುರಸಭಾ ಚುನಾವಣೆಗೆ ನಿಂತರು. 14,838 ಮತ ಬಂದವು. ಒಂದು ಸೀಟೂ ಗೆಲ್ಲಲಿಲ್ಲ, ಆದರೆ ಯೋಜನಾ ಸಮಿತಿಯ ಅಧ್ಯಕ್ಷ ತನ್ನ ಸೀಟು ಕಳೆದುಕೊಂಡ. ಅನುಮತಿ ಸಿಕ್ಕಿತು. 1992ರ ಡಿಸೆಂಬರಿನಲ್ಲಿ ಚಾರ್ಲ್ಟನ್ ತನ್ನ ಮನೆಗೆ ಮರಳಿತು. ಫುಟ್‌ಬಾಲ್ ಅಭಿಮಾನವನ್ನು ಜನಸಮೂಹದ ಅಫೀಮು ಎಂದು ಸೆಮಿನಾರುಗಳಲ್ಲಿ ಸುಲಭಕ್ಕೆ ಹೇಳುವವರು ಈ ಚುನಾವಣೆಯ ಬಗ್ಗೆ ಒಂದು ಪ್ರಬಂಧ ಮಂಡಿಸಿದ್ದನ್ನು ನಾನಂತೂ ಕೇಳಿಲ್ಲ.

ಜರ್ಮನಿಯ ಯೂನಿಯನ್ ಬರ್ಲಿನ್ ಕಥೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. 2008-09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸುಮಾರು 1 ಲಕ್ಷ 40 ಸಾವಿರ ಗಂಟೆ ಸಂಬಳವಿಲ್ಲದೆ ದುಡಿದು ತಮ್ಮ ಮೈದಾನವನ್ನು ಹೊಸದಾಗಿ ಕಟ್ಟಿಕೊಂಡರು. ಅದನ್ನು ಪುರಾಣ ಮಾಡುವುದು ಬೇಡ. 2023ರಲ್ಲಿ ಅದೇ ಕ್ಲಬ್ಬು ಚಾಂಪಿಯನ್ಸ್ ಲೀಗಿಗೆ ಬಂದಾಗ ಹೆಚ್ಚು ಜನ ನೋಡಲಿ ಎಂದು ತವರಿನ ಪಂದ್ಯಗಳನ್ನು ದೊಡ್ಡ ಒಲಿಂಪಿಕ್ ಸ್ಟೇಡಿಯಮ್ಮಿಗೆ ಒಯ್ದಿತು. ಸಿಮೆಂಟು ಕಲಸಿದವರಿಗೂ ಸೀಟು ಸಾಲದೆ ಬರುತ್ತದೆ.

ವೆಸ್ಟ್ ಹ್ಯಾಮ್ ಬಗ್ಗೆ ಎರಡು ಮಾತು ಸಾಕು. 2016ರಲ್ಲಿ, ನೂರಕ್ಕೂ ಹೆಚ್ಚು ವರ್ಷ ಆಡಿದ ಅಪ್ಟನ್ ಪಾರ್ಕ್ ಬಿಟ್ಟು 2012ರ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಮ್ಮಿಗೆ 99 ವರ್ಷದ ಗುತ್ತಿಗೆಯ ಮೇಲೆ ಹೋದರು. ಹಳೆಯ ಮೈದಾನದಲ್ಲಿ ಈಗ ಫ್ಲಾಟುಗಳಿವೆ. ಹೊಸದು ಓಟಗಾರರಿಗಾಗಿ ಕಟ್ಟಿದ್ದು, ಆದ್ದರಿಂದ ಆಟ ದೂರ. 2018ರ ಮಾರ್ಚಿನಲ್ಲಿ ಬರ್ನ್ಲಿ ವಿರುದ್ಧದ ಪಂದ್ಯದಲ್ಲಿ ಸಿಟ್ಟಿಗೆದ್ದವರು ಮೈದಾನಕ್ಕೇ ನುಗ್ಗಿದರು. ಪ್ರೇಕ್ಷಕರ ಸಂಖ್ಯೆ ಏರಿದ್ದು ನಿಜ, 2023ರಲ್ಲಿ ಯುರೋಪಿನ ಒಂದು ಕಪ್ ಗೆದ್ದದ್ದೂ ನಿಜ. ಸಂಖ್ಯೆ ಏರಿದ ಮಾತ್ರಕ್ಕೆ ಪ್ರಶ್ನೆ ಮುಗಿಯಿತೆಂದುಕೊಂಡವರಿಗೆ ಅಂದು ಮಾಲೀಕರ ಆಸನದ ಕೆಳಗೆ ನೆರೆದು ಕೂಗಿದವರು ಉತ್ತರ ಕೊಟ್ಟಿದ್ದಾರೆ.

ಮತ್ತೆ ಎವರ್ಟನ್‌ಗೆ ಬರೋಣ. ಹಡಗುಕಟ್ಟೆಯ ಯೋಜನೆ ಬಂದಾಗ ಕ್ಲಬ್ಬು ಬುದ್ಧಿ ಕಲಿತಿತ್ತು. 2018 ಮತ್ತು 2019ರಲ್ಲಿ 'ಪೀಪಲ್ಸ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಎರಡು ಸುತ್ತು ಅಭಿಪ್ರಾಯ ಸಂಗ್ರಹಿಸಿದರು, ಬಹುಪಾಲು ಜನ ಮೆಚ್ಚಿದರು. ಒಳ್ಳೆಯದೇ. ಆದರೆ ಅಭಿಪ್ರಾಯ ಕೇಳುವುದೂ ಅಧಿಕಾರ ಕೊಡುವುದೂ ಒಂದೇ ಅಲ್ಲ. ಕುರ್ಚಿಯ ಬಣ್ಣದ ಬಗ್ಗೆ ನಿನ್ನನ್ನು ಕೇಳುತ್ತಾರೆ, ಸಾಲದ ಬಡ್ಡಿಯ ಬಗ್ಗೆ ಕೇಳುವುದಿಲ್ಲ. 2023-24ರ ಋತುವಿನಲ್ಲಿ ಖರ್ಚಿನ ನಿಯಮ ಮುರಿದದ್ದಕ್ಕೆ ಎವರ್ಟನ್ ಒಟ್ಟು 8 ಅಂಕ ಕಳೆದುಕೊಂಡಿತು. ಸ್ಟೇಡಿಯಮ್ಮಿನ ಸಾಲದ ಬಡ್ಡಿಯನ್ನು ಯಾವ ಲೆಕ್ಕಕ್ಕೆ ಹಾಕಬೇಕು ಎಂಬುದೂ ಆ ವಿಚಾರಣೆಯ ಜಗಳಗಳಲ್ಲಿ ಒಂದು. ದಂಡ ಬಿದ್ದದ್ದು ಅಂಕಪಟ್ಟಿಯ ಮೇಲೆ, ಅಂದರೆ ಟಿಕೆಟ್ ಕೊಂಡವನ ತಲೆಯ ಮೇಲೆ.

2021ರ ಜುಲೈನಲ್ಲಿ ಯುನೆಸ್ಕೊ ಲಿವರ್‌ಪೂಲಿನ ಬಂದರು ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ಕಿತ್ತುಹಾಕಿತು. ಕೊಟ್ಟ ಕಾರಣಗಳಲ್ಲಿ ಈ ಸ್ಟೇಡಿಯಮ್ಮೂ ಒಂದು. ನನಗೆ ಅದರ ಬಗ್ಗೆ ಹೆಚ್ಚು ದುಃಖವಿಲ್ಲ. ವರ್ಷಗಳ ಕಾಲ ಪಾಳು ಬಿದ್ದಿದ್ದ ಕಟ್ಟೆಗೆ ಉತ್ತರ ಲಿವರ್‌ಪೂಲಿನ ಬಡ ಜನ ಕಾವಲು ಕಾಯುತ್ತ ಕೂರಬೇಕು ಎಂದು ಪ್ಯಾರಿಸ್ಸಿನಲ್ಲಿ ಕುಳಿತವರು ಹೇಳುವುದು ಹಳೆ ಮೈದಾನದ ಶೋಕಗೀತೆಯ ಇನ್ನೊಂದು ರೂಪ. ನನ್ನ ಚಿಂತೆ ಗುಡಿಸನ್ ರಸ್ತೆಯ ಪಬ್ಬುಗಳು, ಪಂದ್ಯದ ದಿನದ ಆದಾಯವನ್ನೇ ನಂಬಿದ್ದ ಮೀನು-ಚಿಪ್ಸ್ ಅಂಗಡಿಗಳದ್ದು. ಅವರ ಮನೆಗೆ ಯಾವ ಮತಪತ್ರವೂ ಹೋಗಲಿಲ್ಲ.

ಇದೆಲ್ಲ ನಮಗೇಕೆ ಎಂದು ಕೇಳಬಹುದು. ನಮ್ಮಲ್ಲಿ ಈ ಜಗಳ ಆಗುವುದೇ ಇಲ್ಲ, ಅದಕ್ಕೆ. 2019ರಲ್ಲಿ ಡೆಲ್ಲಿ ಡೈನಮೋಸ್ ಎಂಬ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಟ್ರಾನ್ಸ್‌ಫರ್ ಆದ ಬ್ಯಾಂಕ್ ಮ್ಯಾನೇಜರನಿಗೆ ಇದಕ್ಕಿಂತ ದೊಡ್ಡ ಬೀಳ್ಕೊಡುಗೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ವಿಂಬಲ್ಡನ್ ತಂಡವನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳು ತಳಮಟ್ಟದಿಂದ ಇನ್ನೊಂದು ಕ್ಲಬ್ಬನ್ನೇ ಕಟ್ಟಿ, 2020ರಲ್ಲಿ ಪ್ಲೌ ಲೇನ್‌ಗೆ ಮರಳಿದರು. ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ, 2013-14ರಲ್ಲಿ, ಐ-ಲೀಗ್ ಗೆದ್ದದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಆಡುತ್ತ. ಆಮೇಲೆ ಕಂಠೀರವಕ್ಕೆ ಬಂತು. ಅಲ್ಲಿ ಪ್ರೇಕ್ಷಕನಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕು. ಅದು ನಮ್ಮದು ಎಂದು ಅಥ್ಲೀಟುಗಳೂ ಕೋಚುಗಳೂ ತಕರಾರು ಎತ್ತಿದರು, ಅವರ ಮಾತಿನಲ್ಲಿ ನ್ಯಾಯವಿತ್ತು. ಒಂದೇ ಸರ್ಕಾರಿ ಮೈದಾನಕ್ಕಾಗಿ ಎರಡು ಬಡ ಆಟಗಳು ಕಿತ್ತಾಡುವಂತೆ ಮಾಡಿ ಸುಮ್ಮನಿರುವುದು ನಮ್ಮ ಕ್ರೀಡಾ ನೀತಿ. ಬೆಂಗಳೂರಿನ ಅಭಿಮಾನಿ ಗುಂಪು 'ವೆಸ್ಟ್ ಬ್ಲಾಕ್ ಬ್ಲೂಸ್'; ಅದರ ಹೆಸರಿನಲ್ಲಿಯೇ ಒಂದು ಸ್ಟ್ಯಾಂಡಿದೆ. ಫುಟ್‌ಬಾಲಿಗೊಂದು ಮೈದಾನ ಬೇಕೇ, ಎಲ್ಲಿ ಬೇಕು, ಮೆಟ್ರೊ ಹತ್ತಿರವಿರಬೇಕೇ, ಯಾರ ದುಡ್ಡಿನಲ್ಲಿ ಎಂಬ ಪ್ರಶ್ನೆಗಳನ್ನು ಆ ಸ್ಟ್ಯಾಂಡಿನಲ್ಲಿ ನಿಂತು ಹಾಡುವವರಿಗೆ ಸರ್ಕಾರವಾಗಲಿ ಮಾಲೀಕರಾಗಲಿ ಕೇಳಬೇಕು. ಕೇಳದಿದ್ದರೆ ಹಾಡುವವರೇ ಕೇಳಬೇಕು, ಚಾರ್ಲ್ಟನ್‌ನವರ ಹಾಗೆ.

ಗುಡಿಸನ್ ಪಾರ್ಕಿನಲ್ಲಿ ಎವರ್ಟನ್ ಪುರುಷರ ತಂಡದ ಕೊನೆಯ ಪಂದ್ಯ 2025ರ ಮೇ 18ರಂದು ನಡೆಯಿತು, ಸೌತಾಂಪ್ಟನ್ ವಿರುದ್ಧ 2-0. ಅದನ್ನು ಕೆಡವಿ ಮನೆ, ಕಚೇರಿ ಕಟ್ಟುವುದು ಅಲ್ಲಿಯತನಕದ ಯೋಜನೆ. ಕೊನೆಯ ಪಂದ್ಯಕ್ಕೆ ಕೆಲವೇ ದಿನ ಉಳಿದಿರುವಾಗ ಹೊಸ ಮಾಲೀಕರು ಅದನ್ನು ಮಹಿಳಾ ತಂಡಕ್ಕೆ ಕೊಡುವುದಾಗಿ ಪ್ರಕಟಿಸಿದರು. ಉಳಿಸಿಕೊಳ್ಳಬಹುದು ಎಂಬ ಮನೆ 2007ರ ಮತಪತ್ರದಲ್ಲಿ ಇರಲಿಲ್ಲ. ಈಗ ಅಲ್ಲಿ ಹೆಣ್ಣುಮಕ್ಕಳು ಆಡುತ್ತಿದ್ದಾರೆ. ಚರ್ಚು ಮೂಲೆಯಲ್ಲೇ ಇದೆ, ಭಸ್ಮ ಮಣ್ಣಿನಲ್ಲೇ ಇದೆ, ಕಂಬಗಳೂ ಇವೆ.