ನಾಲಿಗೆಗೆ ನಾಚಿಕೆ ಕಲಿಸಿದವರು ಯಾರು?

ಮದ್ದೂರು, ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಚಿಪ್ಸ್ ಪೊಟ್ಟಣ ಹರಿಯುವ ಹೈಸ್ಕೂಲು ಹೈಕಳನ್ನು ಕಂಡು ದೊಡ್ಡವರು ಮೂಗು ಮುರಿಯುತ್ತಾರೆ: "ಇವಕ್ಕೆ ಒಳ್ಳೇದು ತಿನ್ನೋದೇ ಗೊತ್ತಿಲ್ಲ."

ಸ್ವಾಮಿ, ಹದಿನೈದರ ಹುಡುಗಿಯ ನಾಲಿಗೆ ತಾನೇ ರುಚಿ ಕಲಿತು ಹುಟ್ಟಿತೇ? ಅದಕ್ಕೂ ಮೇಷ್ಟ್ರುಗಳಿದ್ದಾರೆ. ಒಬ್ಬ ಬಡತನ. ಅವ್ವ ಹೊತ್ತುಮೂಡೋ ಮುಂಚೆ ಕಬ್ಬಿನ ಗದ್ದೆಗೆ ಕೂಲಿ ಹೋದರೆ ಮುದ್ದೆ ತಿರುವೋರು ಯಾರು? ಕೈಗಿಟ್ಟು ಹೋದ ಹತ್ತು ರೂಪಾಯಿಗೆ ಸಿಗೋದು ಪೊಟ್ಟಣವೇ.

ಇನ್ನೊಬ್ಬ ಮೇಷ್ಟ್ರು ನಾಚಿಕೆ. ಇವನ ಏಟು ಕಣ್ಣಿಗೆ ಕಾಣದು. ಮದ್ದೂರು ವಡೆಗೆ ಊರೂರಲ್ಲಿ ಹೆಸರು. ಬೋಟಿ ಗೊಜ್ಜಿಗೆ? "ರಾತ್ರಿ ಏನೂಟ?" ಎಂದರೆ ನಮ್ಮ ಹುಡುಗಿ "ತಿಳಿಸಾರು" ಎಂದು ಸುಳ್ಳು ಹೇಳುತ್ತಾಳೆ.

ಈ ಸುಳ್ಳು ಕಲಿಸಿದವರು ಯಾರು? 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಮಳಿಗೆಯವರಿಗೆ ಕೊಟ್ಟ ನಿಯಮದಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಒಟ್ಟಿಗೇ ನಿಷೇಧ! ಅವ್ವನ ಬಾಡಿನೆಸರು ಹೆಂಡ, ಬೀಡಿಯ ಪಕ್ಕದಲ್ಲಿ. ಬಾಡೂಟ ಬೇಕೆಂದು ನಮ್ಮವರು ದನಿಯೆತ್ತಿದ್ದು ನಾಲಿಗೆ ಚಪಲಕ್ಕಲ್ಲ, ಮಾನಕ್ಕೆ.

ಪಾಠ ಇನ್ನೂ ಎಳವೆಯಲ್ಲೇ ಶುರು. 2025ರಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯ ಸರ್ಕಾರಿ ಶಾಲೆಯ ಹತ್ತಿರ ವೀರಭದ್ರನ ಗುಡಿಯಿದೆ, ಇಲ್ಲಿ ಮೊಟ್ಟೆ ಬೇಯಿಸಕೂಡದು ಎಂದು ಕೆಲವು ಪೋಷಕರು ಹಟ ಹಿಡಿದು ಮಕ್ಕಳ ಟಿಸಿ ತೆಗೆಸಿದರು. ಬೇಡವೆಂಬ ಮಗುವಿಗೆ ಬಾಳೆಹಣ್ಣಿತ್ತು. ಯಾರೂ ಯಾರ ಬಾಯಿಗೂ ತುರುಕಲಿಲ್ಲ. ಪಕ್ಕದ ಮಗು ತಿನ್ನುವುದೇ ಮೈಲಿಗೆಯಾಯಿತು! ಅಂದು ತಟ್ಟೆ ಮುಚ್ಚಿಟ್ಟುಕೊಂಡ ಮಗು ನಾಳೆ ಹೈಸ್ಕೂಲಿನಲ್ಲಿ ಏನನ್ನು ಆರಿಸಿಕೊಂಡೀತು?

ಒಂಬತ್ತು, ಹತ್ತನೇ ತರಗತಿಗೂ ಮೊಟ್ಟೆ ಎಂದು ಮುಖ್ಯಮಂತ್ರಿಗಳು 2023ರ ಆಗಸ್ಟಿನಲ್ಲಿ ಚಾಲನೆ ಕೊಟ್ಟದ್ದು ಇದೇ ಮಂಡ್ಯದಲ್ಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನು. ಬಾಳೆಹಣ್ಣಿನಲ್ಲಿ ಒಂದು ಗ್ರಾಮಿನಷ್ಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಹೆಚ್ಚೂಕಡಿಮೆ ಅರ್ಧ ಮಂದಿಗೆ ರಕ್ತಹೀನತೆ. ರಕ್ತಕ್ಕೆ ಬೇಕಾದ ಕಬ್ಬಿಣ ನೀವು ಹೇಸುವ ಬಾಡಿನಲ್ಲಿದೆ, ಲಿವರಿನಲ್ಲಿದೆ. ಬಡವರ ಸೊಪ್ಪಿನಲ್ಲೂ ಇದೆ. ನೀವು ಕೊಟ್ಟಿರುವುದೇನು? ಕಬ್ಬಿಣದ ಮಾತ್ರೆ ಮತ್ತು ಉಪದೇಶ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲೊಂದು ಮಾತು. ಸಮತೋಲನ ಆಹಾರದ ಪಾಠ ಮಾಡುವಾಗ ಬೋರ್ಡಿನ ಮೇಲೆ ಹಾಲು, ಹಣ್ಣು ಬರೆದು ಸೀಮೆಸುಣ್ಣ ಕೆಳಗಿಡಬೇಡಿ. ಬಸ್ಸಾರು ಬರೆಯಿರಿ. ಮುದ್ದೆ ಬರೆಯಿರಿ. ಬಾಡು, ಬೋಟಿ ಬರೆಯಿರಿ. ಮೊಟ್ಟೆ ತಿನ್ನುವವರನ್ನು ಬೇರೆ ಸಾಲಿನಲ್ಲಿ ಕೂರಿಸಬೇಡಿ. ಮನೆಯ ಅನ್ನಕ್ಕೆ ತಲೆ ತಗ್ಗಿಸದ ಹುಡುಗಿಗೆ ಮಾತ್ರ ಒಳ್ಳೆಯದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರುತ್ತದೆ.