ಉಂಡವನ ಋಣ



ಕಷ್ಟಕಾಲ ಬಂದೊಡನೆ ನಮ್ಮ ನಾಲಗೆಯ ತುದಿಗೆ ಒಂದು ಮಾತು ಬಂದು ನಿಲ್ಲುತ್ತದೆ: 'ಹಿಂದಿನ ಕಾಲವೇ ಚೆನ್ನಾಗಿತ್ತು, ಈ ಯಂತ್ರಯುಗ ಬಂದು ಎಲ್ಲವೂ ಕೆಟ್ಟಿತು.' ಮಳೆ ಕೈಕೊಟ್ಟರೆ ಇದೇ ಮಾತು, ರೋಗ ಹರಡಿದರೂ ಇದೇ ಮಾತು, ಬೆಲೆ ಏರಿದರೂ ಇದೇ ಮಾತು. ಧ್ವನಿವರ್ಧಕದ ಮುಂದೆ ನಿಂತು, ವಿದ್ಯುದ್ದೀಪದ ಬೆಳಕಿನಲ್ಲಿ ಇದನ್ನು ನುಡಿಯುವವರುಂಟು; ಫ್ಯಾನಿನ ಗಾಳಿಯಲ್ಲಿ ಕುಳಿತು ಕೇಳಿ ತಲೆದೂಗುವವರೂ ಉಂಟು. ಮೇಲುನೋಟಕ್ಕೆ ಇದು ವೈರಾಗ್ಯದಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಇದು ಶುದ್ಧ ಕೃತಘ್ನತೆ.

ಯಾವುದು ಆ ಹಿಂದಿನ ಕಾಲ? ನಮ್ಮ ನಾಡಿನ ಬರಗಾಲವನ್ನೇ ತೆಗೆದುಕೊಳ್ಳೋಣ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಘೋರ ಕ್ಷಾಮ ಆವರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಮದರಾಸಿನ ಕಡೆಯಿಂದ ಬೆಂಗಳೂರಿಗೆ ರೈಲು ಆಗಲೇ ಬಂದಿತ್ತು. ಆದರೆ ನಿಲ್ದಾಣಕ್ಕೆ ಬಂದ ಧಾನ್ಯ ಹಳ್ಳಿಯನ್ನು ಮುಟ್ಟಬೇಕಾದರೆ ಎತ್ತಿನ ಗಾಡಿ ಬೇಕಿತ್ತು. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಹಾಗೂ ಹೀಗೂ ಮುಟ್ಟಿದರೂ, ಏರಿದ ಬೆಲೆಗೆ ಅದನ್ನು ಕೊಳ್ಳಲು ಕೂಲಿಕಾರನ ಕೈಯಲ್ಲಿ ಕಾಸಿರಲಿಲ್ಲ. 'ಚೆನ್ನಾಗಿದ್ದ' ಕಾಲದ ಲೆಕ್ಕ ಇದು.

ಈಗ 2023ನ್ನು ನೋಡಿರಿ. ಮುಂಗಾರು ಕೈಕೊಟ್ಟು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 220ಕ್ಕೂ ಹೆಚ್ಚು ಬರಪೀಡಿತವೆಂದು ಘೋಷಿತವಾದವು. ಬೆಳೆ ಒಣಗಿತು, ಕೆರೆ ಬತ್ತಿತು, ಕೊಳವೆಬಾವಿಗಳು ಬರಿದಾದವು. ಆದರೂ ಊರಿಗೆ ಊರೇ ಹಸಿವಿನಿಂದ ಮಡಿಯಲಿಲ್ಲ. ಇದು ಆಕಾಶದ ಕೃಪೆಯಲ್ಲ, ಆಕಾಶ ಮುನಿದೇ ಇತ್ತು. ಪಂಜಾಬಿನಂಥ ದೂರದ ಸೀಮೆಯಲ್ಲಿ ಬೆಳೆದ ಧಾನ್ಯವನ್ನು ಹೊತ್ತು ತರುವ ರೈಲು, ಕೂಡಿಡುವ ಗೋದಾಮು, ಹಳ್ಳಿಗೆ ಮುಟ್ಟಿಸುವ ಲಾರಿ, ಬಡವನ ಕೈಗೆ ಹಾಕುವ ನ್ಯಾಯಬೆಲೆ ಅಂಗಡಿ, ಅದನ್ನು ಭಿಕ್ಷೆಯಲ್ಲ, ಹಕ್ಕು ಎಂದು ಸಾರಿದ 2013ರ ಆಹಾರ ಭದ್ರತಾ ಕಾಯ್ದೆ, ಇವೆಲ್ಲ ಒಂದಕ್ಕೊಂದು ಹೆಗಲು ಕೊಟ್ಟವು. ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ 2024ರ ಬೇಸಿಗೆ ರಜೆಯಲ್ಲಿಯೂ ಮಕ್ಕಳಿಗೆ ಬಿಸಿಯೂಟ ಬಡಿಸಲು ಏರ್ಪಾಡಾಯಿತು. 2002ರಲ್ಲಿ ಆರಂಭವಾದ ಆ ಯೋಜನೆಯ ಹೆಸರು ಅಕ್ಷರ ದಾಸೋಹ. ಶರಣರು ಬಾಳಿ ತೋರಿದ ಒಂದು ಶಬ್ದ ಸರ್ಕಾರದ ಕಡತವನ್ನು ಸೇರಿ, ಮಗುವಿನ ತಟ್ಟೆಯಲ್ಲಿ ಅನ್ನವಾಗಿ ಇಳಿದಿದೆ. ಯಂತ್ರಯುಗವೆಂದು ನಾವು ಜರೆಯುವುದು ಇದನ್ನೇ!

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಇಂದಿಗೂ ಸಾಲದ ಹೊರೆ ತಾಳಲಾರದೆ ರೈತನು ಪ್ರಾಣ ಬಿಡುತ್ತಿಲ್ಲವೇ? ಅವನಿಗೂ ಕೃತಜ್ಞನಾಗಿರು ಎಂದು ಹೇಳುವಿರಾ? ಇಲ್ಲ, ಎಂದಿಗೂ ಹೇಳಲಾಗದು. ಕೊಳವೆಬಾವಿ ಬತ್ತಿ, ಬಿತ್ತಿದ ಬೀಜವೂ ಕೈಗೆ ಬಾರದೆ ಕುಳಿತವನ ಮುಂದೆ, 'ನಿನ್ನ ಅಜ್ಜನಿಗೆ ಮೊಬೈಲ್ ಇತ್ತೇ, ಮನೆಯಲ್ಲಿ ಕರೆಂಟ್ ಇತ್ತೇ, ಇನ್ನೇಕೆ ಗೋಳು?' ಎನ್ನುವುದು ಧರ್ಮವಲ್ಲ, ಕ್ರೌರ್ಯ. ಹಿಂದಿನ ಕಾಲವನ್ನು ಹೊಗಳುವವನು ಇಂದಿನ ಅನ್ನವನ್ನು ಕಾಣನು. ಈ ಮಾತನ್ನಾಡುವವನು ಇಂದಿನ ಕಣ್ಣೀರನ್ನು ಕಾಣನು. ಇಬ್ಬರೂ ಕುರುಡರೇ. ಕೃತಜ್ಞತೆ ಎಂಬುದು ಹಸಿದವನಿಗೆ ಹೇಳುವ ಬುದ್ಧಿವಾದವಲ್ಲ. ಅದು ಉಂಡವನ ಮೇಲಿರುವ ಋಣ.

ಆ ಋಣ ಯಾರದು? ಗೋದಾಮಿನಲ್ಲಿ ಮೂಟೆ ಹೊತ್ತ ಹಮಾಲನದು, ರಾತ್ರಿಯೆಲ್ಲ ಲಾರಿ ಓಡಿಸಿದ ಚಾಲಕನದು, ಮಳೆಗಾಳಿಯಲ್ಲಿ ಕಂಬ ಹತ್ತಿದ ಲೈನ್‌ಮನ್ನನದು, ಹೊಗೆಯಲ್ಲಿ ನಿಂತು ನೂರಾರು ಮಕ್ಕಳಿಗೆ ಅಡುಗೆ ಮಾಡಿದ ಬಿಸಿಯೂಟದ ತಾಯಂದಿರದು. ಆ ತಾಯಂದಿರಿಗೆ ದೊರೆಯುವುದು ಸಂಬಳವಲ್ಲ, ಅಲ್ಪ ಗೌರವಧನ. ಅವರು ಅದನ್ನು ಹೆಚ್ಚಿಸಿರೆಂದು ಬೀದಿಗೆ ಬಂದು ಕುಳಿತರೆ, ಸಂಚಾರಕ್ಕೆ ಅಡ್ಡಿಯಾಯಿತೆಂದು ಮೂಗು ಮುರಿಯುವವರು ನಾವೇ. ಆಧುನಿಕ ಬದುಕಿಗೆ ಕೃತಜ್ಞರಾಗುವುದೆಂದರೆ ಯಂತ್ರಕ್ಕೆ ಕೈಮುಗಿಯುವುದಲ್ಲ. ಯಂತ್ರದ ಹಿಂದಿನ ಕಾಯಕವನ್ನು ಕಂಡು, ಅದಕ್ಕೆ ತಕ್ಕ ಕೂಲಿ ಸಲ್ಲಲೆಂದು ದನಿಯೆತ್ತುವುದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಾಯಿ ಹೇಳಿದ ಪ್ರಸಂಗವನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಕೇಳಿ ಮನೆಗೆ ಹೋಗಿ ಮಾಡುವುದೇನು? ಕಾರು, ಮಾಳಿಗೆ ಮನೆ ಉಳ್ಳವರ ಕಪಾಟಿನಲ್ಲಿಯೂ ಬಡವರ ಪಾಲಿನ ಬಿಪಿಎಲ್ ಕಾರ್ಡು ಇರುವುದು ಯಾವ ಊರಿನಲ್ಲಿ ಗುಟ್ಟಾಗಿದೆ? ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ತಂದು, ಅದನ್ನು ದಲ್ಲಾಳಿಗೆ ಮಾರಿ, ಸಂಜೆ ಪ್ರವಚನದಲ್ಲಿ ಕುಳಿತು 'ಕಾಲ ಕೆಟ್ಟಿತು' ಎಂದು ನಿಟ್ಟುಸಿರು ಬಿಡುವವರನ್ನು ಲಕ್ಕಮ್ಮ ತಾಯಿ ಕಂಡಿದ್ದರೆ ಏನೆನ್ನುತ್ತಿದ್ದಳು? ಕಾಲ ತಾನಾಗಿ ಕೆಡುವುದಿಲ್ಲ. ನಮ್ಮದಲ್ಲದ ಹಿಡಿ ಅಕ್ಕಿಯನ್ನು ನಮ್ಮ ಮನೆಗೆ ಹೊತ್ತು ತಂದ ದಿನ ಅದನ್ನು ಕೆಡಿಸುವವರು ನಾವು.

ಮುಂದೆ ಮತ್ತೊಂದು ಬರ ಬಂದೇ ಬರುತ್ತದೆ. ಅಂದು ಗೋದಾಮಿನಲ್ಲಿ ಧಾನ್ಯ ಇರಬೇಕು, ಅದು ಅರ್ಹರನ್ನೇ ಮುಟ್ಟಬೇಕು. ಆದುದರಿಂದ ಉಳ್ಳವರು ತಮ್ಮದಲ್ಲದ ಕಾರ್ಡನ್ನು ಇಂದೇ ಹಿಂದಿರುಗಿಸಲಿ. ಕಾಲವನ್ನು ನಿಂದಿಸುವ ಮಾತು ಆ ಬಳಿಕ ತಾನಾಗಿಯೇ ನಿಲ್ಲುತ್ತದೆ.