ಕಣವೂ ಬೇಕು, ಕಟ್ಟೆಯೂ ಬೇಕು



‘ಕಣ’ ಎಂಬುದು ನಮ್ಮ ನುಡಿಯ ಹಳೆಯ ಮಾತುಗಳಲ್ಲಿ ಒಂದು. ಒಕ್ಕಲುತನದವನಿಗೆ ಅದು ರಾಶಿಯ ನೆಲ, ಪೈಲ್ವಾನನಿಗೆ ಕುಸ್ತಿಯ ನೆಲ, ವೀರನಿಗೆ ಕಾಳಗದ ನೆಲ. ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಹಂತಿ ಹೂಡಿ, ಇರುಳೆಲ್ಲ ಹಂತಿಯ ಪದ ಹಾಡುತ್ತ ಜೋಳ ತುಳಿಸಿದ ಅದೇ ಕಣದಲ್ಲಿ ಸುಗ್ಗಿ ತೀರಿದ ಮೇಲೆ ಹುಡುಗರ ಆಟ ನಡೆಯುತ್ತಿತ್ತು, ಬಯಲಾಟದ ಅಟ್ಟ ಏಳುತ್ತಿತ್ತು, ಹಿರಿಯರ ಪಂಚಾಯಿತಿ ಕೂಡುತ್ತಿತ್ತು. ಒಂದು ನೆಲವನ್ನು ಒಂದೇ ಕೆಲಸಕ್ಕೆ ಮೀಸಲಿಟ್ಟು ಉಳಿದ ದಿನ ಬೀಗ ಹಾಕುವ ಪದ್ಧತಿ ನಮ್ಮದಲ್ಲ. ಅದು ಕ್ರೀಡಾಂಗಣದ ಜೊತೆಯಲ್ಲಿ ಬಂದದ್ದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ತಾಲ್ಲೂಕು ಕೇಂದ್ರಗಳಿಗೆ ಕ್ರೀಡಾಂಗಣ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಳಕೆ ತಪ್ಪಿದ ಕ್ರೀಡಾಂಗಣ ಎಲ್ಲಿಯೇ ಇರಲಿ, ಅದರ ಲಕ್ಷಣ ಒಂದೇ: ಮೆಟ್ಟಿಲುಗಳ ಸಂದಿನಲ್ಲಿ ಜಾಲಿ, ಓಟದ ಪಥದ ಮೇಲೆ ದನ, ಬಾಗಿಲಿಗೆ ತುಕ್ಕು ಹಿಡಿದ ಬೀಗ. ರಾಷ್ಟ್ರೀಯ ಹಬ್ಬದ ಮುನ್ನಾದಿನ ಸುಣ್ಣದ ಗೆರೆ ಎಳೆಯುತ್ತಾರೆ, ಮರುದಿನ ಮರೆಯುತ್ತಾರೆ. ಇಂತಹ ನೆಲವನ್ನು ಕಂಡು ಕೆಲವರು, ಸುಮ್ಮನೆ ಹಾಳು ಬಿದ್ದಿದೆ, ಮಳಿಗೆ ಕಟ್ಟಿದರೆ ಬಾಡಿಗೆಯಾದರೂ ಬರುತ್ತದೆ ಎನ್ನುತ್ತಾರೆ. ಮತ್ತೆ ಕೆಲವರು, ಆಟದ ನೆಲ ಆಟಕ್ಕೇ ಇರಲಿ, ಮುಟ್ಟಬೇಡಿ ಎನ್ನುತ್ತಾರೆ. ಮೊದಲಿನವರ ಮಾತಿನಿಂದ ನೆಲ ಹೋಗುತ್ತದೆ, ಎರಡನೆಯವರ ಮಾತಿನಿಂದ ಜಾಲಿ ಬೆಳೆಯುತ್ತದೆ. ಆಟವನ್ನು ಉಳಿಸಿಕೊಂಡೇ ಅದನ್ನು ಇಡೀ ಊರಿನ ಅಂಗಳವನ್ನಾಗಿ ಮಾಡುವುದು ಮೂರನೆಯ ದಾರಿ.

ಲೋಕದಲ್ಲಿ ಇದು ಹೊಸತಲ್ಲ. ರೋಮ್ ನಗರದಲ್ಲಿ ದೊಮಿಶಿಯನ್ ಚಕ್ರವರ್ತಿ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಓಟದ ಪಂದ್ಯಗಳಿಗೆಂದು ಕಟ್ಟಿಸಿದ ಕ್ರೀಡಾಂಗಣ ಇಂದು ಪಿಯಾತ್ಸಾ ನವೋನ ಎಂಬ ಸಾರ್ವಜನಿಕ ಚೌಕ. ಪ್ರೇಕ್ಷಕರ ಮೆಟ್ಟಿಲುಗಳಿದ್ದಲ್ಲಿ ಮನೆಗಳು ಎದ್ದವು. ಓಟದ ನೆಲ ಮಾತ್ರ ಬಯಲಾಗಿಯೇ ಉಳಿಯಿತು. ಶತಮಾನಗಳ ಕಾಲ ಅಲ್ಲಿ ಸಂತೆ ಕೂಡಿತು. ಇಂದಿಗೂ ಆ ಚೌಕದ ನೀಳವಾದ ಆಕಾರವನ್ನು ನೋಡಿದರೆ ಹಳೆಯ ಪಂದ್ಯದ ಕಣ ಕಾಣುತ್ತದೆ.

ದಕ್ಷಿಣ ಕೊರಿಯಾದ ಸೋಲ್ ನಗರದ ಕಥೆ ನಮಗೆ ಇನ್ನೂ ಹೆಚ್ಚಿನ ಪಾಠ ಹೇಳುತ್ತದೆ. ಜಪಾನೀಯರ ಆಳ್ವಿಕೆಯಲ್ಲಿ, 1925ರಲ್ಲಿ, ಪುರಾತನ ಕೋಟೆಗೋಡೆಯ ಜಾಗದಲ್ಲಿಯೇ ಅಲ್ಲಿ ದೋಂಗ್‌ದೇಮುನ್ ಕ್ರೀಡಾಂಗಣವನ್ನು ಕಟ್ಟಿದರು. ಹೊಸ ಕ್ರೀಡಾಂಗಣಗಳು ಬಂದ ಮೇಲೆ ಅದರ ಬಳಕೆ ಇಳಿಯಿತು. ಅದೇ ಸುಮಾರಿಗೆ ನಗರದ ಒಂದು ಹಳ್ಳವನ್ನು ಶುಚಿಗೊಳಿಸುವಾಗ ಎದ್ದುಹೋಗಬೇಕಾಗಿ ಬಂದ ಬೀದಿ ವ್ಯಾಪಾರಿಗಳಿಗೆ 2004ರಲ್ಲಿ ಈ ಕ್ರೀಡಾಂಗಣದೊಳಗೆ ಜಾಗ ಕೊಟ್ಟರು. ಹಾಳು ಬಿದ್ದ ಆಟದ ಬಯಲು ಹಳೆಯ ಸಾಮಾನುಗಳ ಸಂತೆಯಾಯಿತು, ಜನ ಸೇರಿದರು. ಮುಂದೆ 2007-08ರಲ್ಲಿ ಅದನ್ನೂ ಕೆಡವಿ, ವ್ಯಾಪಾರಿಗಳನ್ನು ಮತ್ತೊಂದು ಕಡೆಗೆ ಕಳುಹಿಸಿದರು. ನೆಲವನ್ನು ಅಗೆದಾಗ ಹಳೆಯ ಕೋಟೆಗೋಡೆಯೂ ಅದರಡಿ ನೀರು ಹರಿಯುತ್ತಿದ್ದ ಕಲ್ಲಿನ ಕಮಾನುಗಳೂ ಹೊರಬಿದ್ದವು. ಅವುಗಳನ್ನು ಉಳಿಸಿ, ಕ್ರೀಡಾಂಗಣದ ಎರಡು ದೀಪಸ್ತಂಭಗಳನ್ನೂ ನೆನಪಿಗಾಗಿ ಬಿಟ್ಟು, ಉದ್ಯಾನ ಹಾಗೂ ಪ್ರದರ್ಶನ ಭವನಗಳನ್ನು ಕಟ್ಟಿ 2014ರಲ್ಲಿ ತೆರೆದರು. ಕಟ್ಟಡ ಜಗತ್ಪ್ರಸಿದ್ಧವಾಗಿದೆ. ಆದರೂ ಅದರ ಚೆಲುವನ್ನು ಹೊಗಳುವಾಗ, ಎರಡೆರಡು ಸಲ ಗಂಟುಮೂಟೆ ಕಟ್ಟಿದ ಆ ಬಡ ವ್ಯಾಪಾರಿಗಳ ನೆನಪು ನಮಗೆ ಬರುತ್ತದೆ. ನಮ್ಮ ಊರುಗಳಲ್ಲಿಯೂ ಮೈದಾನದ ಗೋಡೆಗೆ ಒರಗಿ ಕಬ್ಬಿನ ಹಾಲು, ಗಿರಮಿಟ್ಟು ಮಾರುವವರಿರುತ್ತಾರೆ. ನಕ್ಷೆ ಬರೆಯುವ ದಿನವೇ ಅವರ ಜಾಗವನ್ನೂ ಗುರುತಿಸಬೇಕು.

ಕರ್ನಾಟಕದಲ್ಲಿಯೇ ಇದರ ತಿರುವುಮುರುವು ನಡೆದಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಒಂದು ಕಾಲಕ್ಕೆ ಸಂಪಂಗಿ ಕೆರೆಯಾಗಿತ್ತು. ಕೆರೆ ಹೋಯಿತು, ಕರಗದ ವಿಧಿಗಾಗಿ ಒಂದು ಚಿಕ್ಕ ಕೊಳ ಮಾತ್ರ ಉಳಿಯಿತು. ಕೆರೆ ಕ್ರೀಡಾಂಗಣವಾದೀತು, ಕ್ರೀಡಾಂಗಣ ಮಳಿಗೆಯಾದೀತು; ಮಳಿಗೆಯಾದ ನೆಲ ಮರಳಿ ಬಯಲಾದದ್ದನ್ನು ನಾವು ಕಂಡಿಲ್ಲ.

ಬಯಲು ನೆಲದ ಬೆಲೆ ನಮ್ಮ ಜಿಲ್ಲೆಗೆ ಅರಿವಾದ ದಿನವೊಂದುಂಟು. ಪೂಜ್ಯ ಸಿದ್ಧೇಶ್ವರ ಸ್ವಾಮಿಗಳವರು 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ಮರುದಿನ ಅಂತಿಮ ದರ್ಶನಕ್ಕೆ ಹರಿದುಬಂದ ಲಕ್ಷಾಂತರ ಭಕ್ತರನ್ನು ತಾಳಿಕೊಂಡದ್ದು ವಿಜಯಪುರದ ಸೈನಿಕ ಶಾಲೆಯ ಮೈದಾನ. ಯಾವ ಭವನ, ಯಾವ ಮಂಟಪ ಆ ಜನಸಾಗರಕ್ಕೆ ಸಾಕಾಗುತ್ತಿತ್ತು? ಆದುದರಿಂದ ಉದ್ಯಾನದ ಹೆಸರಿನಲ್ಲಿ ನಡುನೆಲವನ್ನು ಕಾರಂಜಿ, ಪುತ್ಥಳಿ, ಸಿಮೆಂಟಿನ ಜಿಂಕೆಗಳಿಂದ ತುಂಬುವುದು ತರವಲ್ಲ. ನಡುವೆ ಕಣ, ಸುತ್ತಲೂ ಕಟ್ಟೆ, ಇಷ್ಟು ಸಾಕು.

ಈ ಸುತ್ತಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮದು ಯರಿ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಆಳದ ಅಡಿಪಾಯವಿಲ್ಲದೆ ಅದರ ಮೇಲೆ ಕಟ್ಟಿದ ಗ್ಯಾಲರಿಯೂ ಕಂಪೌಂಡೂ ಸೀಳು ಬಿಡುವುದರಲ್ಲಿ ಆಶ್ಚರ್ಯವೇನು? ನಡೆಯುವ ದಾರಿಗೆ ಯರಿ ಮಣ್ಣನ್ನು ತೆಗೆದು ಗರಸು ಹಾಕಿ ಗಟ್ಟಿ ಮಾಡಿ, ಪಕ್ಕದಲ್ಲಿ ನೀರು ಹರಿದುಹೋಗಲು ಕಾಲುವೆ ಬಿಡಬೇಕು. ನುಣುಪಾದ ಬಣ್ಣದ ಹಂಚು ಉದ್ಘಾಟನೆಯ ದಿನ ಚೆಂದ. ಮೊದಲ ಮಳೆಗಾಲ ಕಳೆದರೆ ಅದು ಎದ್ದು ನಿಲ್ಲುತ್ತದೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ನೆರಳಿಲ್ಲದ ಉದ್ಯಾನ ಯಾರಿಗೆ ಬೇಕು? ಬೇವು, ಹೊಂಗೆ, ಅರಳಿ ನಮ್ಮ ಮಣ್ಣಿಗೆ ಒಗ್ಗಿದವು. ಅವುಗಳ ಬುಡಕ್ಕೆ ಕಲ್ಲಿನ ಕಟ್ಟೆ ಕಟ್ಟಿದರೆ ಹಿರಿಯರಿಗೆ ಬೇರೆ ಆಸನ ಬೇಡ.

ಒಂದು ಮೂಲೆಯಲ್ಲಿ ಗರಡಿ ಇರಲಿ. ಮಠದ ಪ್ರಸಾದ ನಿಲಯದಲ್ಲಿ ನಾವು ಓದುತ್ತಿದ್ದಾಗ ಪಾಠಕ್ಕೆ ತಪ್ಪಿಸಿಕೊಂಡರೆ ಕ್ಷಮೆಯಿತ್ತು, ತಾಲೀಮಿಗೆ ತಪ್ಪಿಸಿಕೊಂಡರೆ ಇರಲಿಲ್ಲ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ತರುಣರು ವರುಷವಿಡೀ ಎಲ್ಲಿ ಅಭ್ಯಾಸ ಮಾಡಬೇಕು? ಇನ್ನೊಂದು ಮೂಲೆಯಲ್ಲಿ ವಾಚನಾಲಯ, ಮತ್ತೊಂದರಲ್ಲಿ ಮಕ್ಕಳ ಜೋಕಾಲಿ. ಸಂಜೆ ಪ್ರವಚನವೋ ನಾಟಕವೋ ನಡೆಯಲು ಒಂದು ತೆರೆದ ವೇದಿಕೆ.

ತಾಯಂದಿರ ಮಾತನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ನಿಜಕ್ಕೂ ಅದು ಮೊದಲಾಗಬೇಕಿತ್ತು. ಶುಚಿಯಾದ ಶೌಚಾಲಯ, ಕುಡಿಯುವ ನೀರು, ಕತ್ತಲಾದ ಮೇಲೆ ಬೆಳಕು, ಈ ಮೂರಿಲ್ಲದ ಮೈದಾನಕ್ಕೆ ನಮ್ಮ ಸೊಸೆ, ಮಗಳು ಕಾಲಿಡಲಾರರು. ಊರಿನ ಅರ್ಧ ಜನ ಹೊರಗುಳಿದ ಬಯಲು ಕುಡುಕರ ಪಾಲಾಗಲು ಬಹಳ ದಿನ ಬೇಕಿಲ್ಲ.

ಕಾನೂನಿನ ಬಲವೂ ನಮಗಿದೆ. ಉದ್ಯಾನ, ಆಟದ ಮೈದಾನ ಹಾಗೂ ಬಯಲು ಸ್ಥಳಗಳನ್ನು ಕಾಯಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹಂಚಿಕೆಯನ್ನು ಒಪ್ಪಲಿಲ್ಲ. ಆಸ್ಪತ್ರೆಯಂತಹ ಒಳ್ಳೆಯ ಕೆಲಸಕ್ಕೇ ಹಾಗಾದರೆ, ಮಳಿಗೆಯ ಮಾತೇನು? ನಿಮ್ಮ ಊರಿನ ಮೈದಾನ ಯಾರ ಹೆಸರಿನಲ್ಲಿದೆ, ಕ್ರೀಡಾ ಇಲಾಖೆಯದೋ ಸ್ಥಳೀಯ ಸಂಸ್ಥೆಯದೋ, ಎಂಬುದನ್ನು ಮೊದಲು ಬರಹದಲ್ಲಿ ಕೇಳಿ ತಿಳಿದುಕೊಳ್ಳಿರಿ. ಇಬ್ಬರ ನಡುವೆ ಬೀಗದ ಕೈ ಕಳೆದುಹೋಗುವುದೇ ಹೆಚ್ಚು. ನಸುಕಿನಲ್ಲಿ ಬಾಗಿಲು ತೆರೆಯುವವರು ಯಾರು, ಅವರ ಸಂಬಳ ಎಲ್ಲಿಂದ ಎಂಬುದು ತೀರ್ಮಾನವಾಗುವವರೆಗೆ ಶಿಲಾನ್ಯಾಸದ ಕಲ್ಲನ್ನು ತರಿಸಬೇಡಿರಿ.

ಗಿಡಗಳಿಗೆ ಮಾತ್ರ ಆ ತೀರ್ಮಾನದವರೆಗೆ ಕಾಯಬೇಕಿಲ್ಲ. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬೇಸಿಗೆಯಲ್ಲಿಯೇ ಗೋಡೆಯುದ್ದಕ್ಕೂ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು. ತಿಪ್ಪೆ ಗೊಬ್ಬರ ತುಂಬಿ, ಮೃಗಶಿರಾ ಮಳೆ ಬಿದ್ದೊಡನೆ ಬೇವಿನ ಸಸಿ ಇಟ್ಟು, ದನ ಮೇಯದಂತೆ ಮುಳ್ಳು ಕಟ್ಟಿ, ಮೊದಲೆರಡು ಬೇಸಿಗೆ ಮನೆಗೊಂದು ಕೊಡ ನೀರು ಹಾಕಿದರೆ ಅವು ಬದುಕಿಕೊಳ್ಳುತ್ತವೆ.